ಕೈ ಹಿಂದೆ ಕಟ್ಕೊಂಡು ನಿಲ್ಲೋದು: ಹೊಸದಾಗಿ ಸ್ಕೌಟ್ ಮಾಸ್ಟರ್ ಆಗೋರಿಗೆ

ಜೂನ್ ಬಂತು ಅಂದ್ರೆ ನನ್ನ ಫೋನ್ ಬಡ್ಕೊಳ್ಳೋಕೆ ಶುರು. "ಸರ್, ನಮ್ ಸ್ಕೂಲಲ್ಲಿ ಈ ವರ್ಷ ಸ್ಕೌಟ್ಸ್ ನನಗೆ ಹಾಕಿದಾರೆ, ಏನ್ ಮಾಡ್ಬೇಕು ಹೇಳಿ" ಅಂತ ಮೇಷ್ಟ್ರುಗಳು ಕೇಳ್ತಾರೆ. ಮೊನ್ನೆ ಒಬ್ರು ಮಾಡಿದ್ರು, ಟೀಚರ್ ಅಲ್ಲ, ಬ್ಯಾಂಕಲ್ಲಿ ಕೆಲಸ, "ಭಾನುವಾರ ಪುರಸೊತ್ತಿರುತ್ತೆ, ಮಕ್ಕಳಿಗೆ ಏನಾದ್ರೂ ಮಾಡ್ಬೇಕು ಅಂತ ಮನಸ್ಸಿದೆ, ನಾನು ಬರಬಹುದಾ" ಅಂತ. ಖಂಡಿತ ಬರಬಹುದು. ಸ್ಕೂಲಿಗೆ ಸೇರದ ಓಪನ್ ಗ್ರೂಪ್‌ಗಳೂ ಇದಾವೆ, ಅಲ್ಲಂತೂ ಇಂಥೋರೇ ಬೇಕು. 22 ವರ್ಷದಿಂದ ಸ್ಕೌಟ್ ದಳ ನಡೆಸ್ತಾ, ಈಗ ದೊಡ್ಡವರಿಗೆ ಟ್ರೈನಿಂಗ್ ಕೊಡೋ ತಂಡದಲ್ಲೂ ಇರೋ ನಾನು ಇವರಿಗೆಲ್ಲ ಫೋನಲ್ಲಿ ಹೇಳೋದನ್ನೇ ಇಲ್ಲಿ ಬರೀತಿದೀನಿ.

ಎಲ್ರೂ ಮೊದಲು ಕೇಳೋದು, ಮಕ್ಕಳಿಗೆ ಏನ್ ಕಲಿಸ್ಬೇಕು ಅಂತ. ಗಂಟು ಯಾವ್ಯಾವುದು, ಚಪ್ಪಾಳೆ ಯಾವ್ಯಾವುದು, ಡ್ರಿಲ್ ಹೆಂಗೆ. ಅದೆಲ್ಲ ಪುಸ್ತಕದಲ್ಲಿದೆ, ಯೂಟ್ಯೂಬಲ್ಲೂ ಸಿಗುತ್ತೆ. ನಾನು ಹೇಳೋದು, ಮೊದಲು ನೀವು ಎಲ್ಲಿ ನಿಂತ್ಕೊಬೇಕು ಅನ್ನೋದನ್ನ ತಿಳ್ಕೊಳ್ಳಿ ಅಂತ.

ಇದು ಅರ್ಥ ಆಗ್ಬೇಕಂದ್ರೆ ಪಟ್ರೋಲ್ ಅನ್ನೋದು ಏನು ಅಂತ ಗೊತ್ತಿರಬೇಕು. ಒಂದು ದಳದಲ್ಲಿ ಹೆಚ್ಚಂದ್ರೆ 32 ಮಕ್ಕಳು, ಅವರನ್ನ ಆರರಿಂದ ಎಂಟು ಜನದ ಪಟ್ರೋಲ್‌ಗಳಾಗಿ ಮಾಡ್ತೀವಿ, ಹುಲಿ, ಹದ್ದು ಅಂತ ಹೆಸರು, ಒಬ್ಬ ಪಟ್ರೋಲ್ ಲೀಡರ್, ಅವನಿಗೊಬ್ಬ ಸಹಾಯಕ, ಸೆಕೆಂಡ್ ಅಂತೀವಿ. ಸ್ಕೌಟ್ ಮಾಸ್ಟರ್ ಕೆಲಸ ಮಾಡಬೇಕಾದ್ದು ಆ ನಾಲ್ಕು ಲೀಡರ್‌ಗಳ ಜೊತೆ, 32 ಮಕ್ಕಳ ಜೊತೆ ನೇರವಾಗಿ ಅಲ್ಲ. ಸ್ಕೌಟಿಂಗ್ ಶುರುಮಾಡಿದ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತು ಚಿಲ್ಲರೆ ಹುಡುಗರನ್ನ ಕಟ್ಕೊಂಡು ಮೊದಲ ಕ್ಯಾಂಪ್ ಮಾಡಿದಾಗಲೇ ಅವರನ್ನ ನಾಲ್ಕು ಪಟ್ರೋಲ್ ಮಾಡಿದ್ದ, ಹುಡುಗರ ಕೈಗೇ ಹುಡುಗರನ್ನ ಕೊಟ್ಟಿದ್ದ. ಎರಡೇ ವರ್ಷದಲ್ಲಿ, 1909ಕ್ಕೆ, ಇದು ನಮ್ಮ ಬೆಂಗಳೂರಿಗೂ ಬಂತು, ಇಂಡಿಯಾದ ಮೊದಲ ದಳ ಶುರುವಾಗಿದ್ದು ಅಲ್ಲೇ. ಆದ್ರೆ ಆಗ ಅದು ಬಿಳಿಯರ, ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮಾತ್ರ. ನಮ್ಮ ಮಕ್ಕಳಿಗೂ ಬೇಕು ಅಂತ 1916ರಲ್ಲಿ ಬೇರೆ ಸಂಘನೇ ಕಟ್ಟಿದ್ದು ಆನಿ ಬೆಸೆಂಟ್. ದೊಡ್ಡಬಳ್ಳಾಪುರದ ನಮ್ಮ ಕ್ಯಾಂಪ್ ಜಾಗಕ್ಕೆ ಅವರ ಹೆಸರು ಯಾಕೆ ಅಂತ ಅಲ್ಲಿಗೆ ಹೋಗಿಬಂದ ಎಷ್ಟೋ ಜನ ಕೇಳಿದಾರೆ, ಇದೇ ಕಾರಣ. ಬೇರೆಬೇರೆ ಸಂಘಗಳು ಸೇರಿ ಈಗಿನ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಗಿದ್ದು ನವೆಂಬರ್ 7, 1950ಕ್ಕೆ, ಹುಡುಗೀರ ಸಂಘ ಗೈಡ್ಸ್ ಬಂದು ಸೇರಿದ್ದು ಮರುವರ್ಷ.

ನಾನು ಮೊದಲ ಸಲ ಮಕ್ಕಳನ್ನ ದಾವಣಗೆರೆ ಹತ್ರದ ಕೊಂಡಜ್ಜಿ ಕ್ಯಾಂಪಿಗೆ ಕರ್ಕೊಂಡು ಹೋದಾಗ ಪಟ್ರೋಲ್ ಅನ್ನೋದು ನನಗೆ ಬರೀ ಲೈನಲ್ಲಿ ನಿಲ್ಲಿಸೋಕೆ ಇರೋ ಹೆಸರಾಗಿತ್ತು. ಮಧ್ಯಾಹ್ನ ತಲುಪಿದ್ವಿ, ಸಂಜೆ ಒಳಗೆ ಟೆಂಟ್ ಏಳಬೇಕು, ಹುಡುಗರು ಒಂದು ಗೂಟ ಹೊಡಿಯೋಕೆ ಹತ್ತು ನಿಮಿಷ ತಗೋತಿದ್ರು. ನನಗೆ ತಡಕೊಳ್ಳೋಕಾಗ್ಲಿಲ್ಲ, ಸುತ್ತಿಗೆ ಕಿತ್ಕೊಂಡು ನಾಲ್ಕೂ ಟೆಂಟ್ ನಾನೇ ನಿಲ್ಲಿಸ್ದೆ, ಹಗ್ಗ ಎಲ್ಲ ಟೈಟಾಗಿ ಬಿಗಿದೆ, ಹುಡುಗರು ಸುತ್ತ ಕೂತು ನೋಡ್ತಾ ಇದ್ರು. ರಾತ್ರಿ ಎರಡು ಗಂಟೆಗೆ ಮಳೆ ಹಿಡೀತು. ನಾರಿನ ಹಗ್ಗ ಒದ್ದೆಯಾದ್ರೆ ಕುಗ್ಗುತ್ತೆ, ಅದಕ್ಕೇ ಮಲಗೋಕೆ ಮುಂಚೆ ಹಗ್ಗ ಸ್ವಲ್ಪ ಸಡಿಲ ಬಿಡಬೇಕು, ಅದನ್ನ ನಾನು ಮಾಡಿರಲಿಲ್ಲ. ಕುಗ್ಗಿದ ಹಗ್ಗ ಮೆತ್ತಗಾದ ನೆಲದಿಂದ ಗೂಟನ್ನೇ ಎಳ್ಕೊಂಡು ಬಂತು, ಎರಡು ಟೆಂಟ್ ಮಲಗಿಬಿಟ್ವು. ಹುಡುಗರು ಟಾರ್ಚ್ ಹಿಡ್ಕೊಂಡು ಮಳೇಲಿ ನಿಂತು "ಸಾರ್, ಸಾರ್" ಅಂತ ಕೂಗ್ತಿದಾರೆ, ಹದಿನಾರು ಜನದಲ್ಲಿ ಒಬ್ಬನೂ ಗೂಟಕ್ಕೆ ಕೈ ಹಾಕ್ಲಿಲ್ಲ. ಯಾಕೆ ಹಾಕ್ತಾರೆ, ಅದು ಅವರ ಟೆಂಟೇ ಆಗಿರಲಿಲ್ಲವಲ್ಲ, ನನ್ನ ಟೆಂಟಲ್ಲಿ ಅವರು ಮಲಗಿದ್ರು ಅಷ್ಟೆ. ತಪ್ಪು ಪೂರ್ತಿ ನನ್ನದು.

ಮುಂದಿನ ವರ್ಷ ಸುತ್ತಿಗೆ ಮುಟ್ಟಲೇಬಾರದು ಅಂತ ಕೈ ಎರಡೂ ಹಿಂದಕ್ಕೆ ಕಟ್ಕೊಂಡು ನಿಂತೆ. ಕ್ಯಾಂಪಿಗೆ ಮುಂಚೆ ಒಂದು ತಿಂಗಳು ಬರೀ ಪಟ್ರೋಲ್ ಲೀಡರ್‌ಗಳಿಗೆ ಸ್ಕೂಲ್ ಗ್ರೌಂಡಲ್ಲಿ ಟೆಂಟ್ ಹೇಳಿಕೊಟ್ಟಿದ್ದೆ, ಅವರು ತಮ್ಮತಮ್ಮ ಹುಡುಗರಿಗೆ ಹೇಳಿಕೊಟ್ಟಿದ್ರು. ಸಂಜೆ ಏಳಾಯ್ತು ಟೆಂಟ್ ಏಳೋಕೆ, ಒಂದು ವಾಲಿಕೊಂಡೇ ಇತ್ತು, ಆದ್ರೂ ಸುಮ್ಮನಿದ್ದೆ. ಊಟದ ಹೊತ್ತಿಗೆ ಹದ್ದು ಪಟ್ರೋಲ್ ಒಲೆ ಹತ್ರ ನಡೆದಿದ್ದು ಇನ್ನೂ ಕಣ್ಣಲ್ಲಿದೆ. ಮೂರು ಕಲ್ಲಿನ ಒಲೆ, ಹಸಿ ಸೌದೆ, ಹೊಗೆ. ಲೀಡರ್ ಎಂಟನೇ ಕ್ಲಾಸ್ ಹುಡುಗ, ಅಕ್ಕಿ ತೊಳೆದು ಪಾತ್ರೆಗೆ ಹಾಕಿ ನನ್ನ ಕಡೆ ತಿರುಗಿ "ಸರ್, ನೀರು ಇಷ್ಟು ಸಾಕಾ?" ಅಂದ. ಹೇಳೋಕೆ ಬಾಯಿಗೆ ಬಂದಿತ್ತು. ನುಂಗಿಕೊಂಡು "ನಿಮ್ಮ ಮನೇಲಿ ಹೆಂಗೆ ನೋಡ್ತಾರೆ?" ಅಂದೆ. ಅವನಿಗೆ ಗೊತ್ತಿಲ್ಲ, ಪಕ್ಕದವನಿಗೂ ಗೊತ್ತಿಲ್ಲ. ಆಗ ಮೂಲೇಲಿ ಈರುಳ್ಳಿ ಹೆಚ್ಚುತಿದ್ದ ಸಣ್ಣ ಹುಡುಗ, ಅವತ್ತಿನವರೆಗೂ ಮೀಟಿಂಗಲ್ಲಿ ಬಾಯೇ ಬಿಡದವನು, ಎದ್ದು ಬಂದು ಕೈ ತೊಳ್ಕೊಂಡು ಬೆರಳು ಅದ್ದಿದ, "ಅಕ್ಕಿ ಮೇಲೆ ಒಂದು ಗೆಣ್ಣು ನೀರಿರಬೇಕು, ನಮ್ಮಜ್ಜಿ ಹಿಂಗೇ ನೋಡೋದು" ಅಂದ. ಅನ್ನ ತಳ ಹತ್ತಿತು, ಮೇಲಿನದು ಚೆನ್ನಾಗೇ ಇತ್ತು, ಏಳೂ ಜನ ಉಂಡ್ರು. ಮಾರನೇ ದಿನದಿಂದ ಅಡುಗೆ ವಿಷಯಕ್ಕೆ ಪಟ್ರೋಲಲ್ಲಿ ಎಲ್ರೂ ಆ ಸಣ್ಣವನ ಮುಖ ನೋಡೋರು. ನೀರಿನ ಅಳತೆ ನಾನೇ ಹೇಳಿಬಿಟ್ಟಿದ್ರೆ ಅನ್ನ ಇನ್ನೂ ಚೆನ್ನಾಗಿ ಆಗ್ತಿತ್ತು, ಆ ಹುಡುಗ ಈರುಳ್ಳಿ ಹೆಚ್ಚುತಾನೇ ಇರ್ತಿದ್ದ.

ಹಾಗಂತ ಎಲ್ಲಾದಕ್ಕೂ ಕೈಕಟ್ಟಿ ನಿಲ್ಲೋದಲ್ಲ, ಇದನ್ನ ತುಂಬಾ ಜನ ತಪ್ಪಾಗಿ ತಿಳ್ಕೊತಾರೆ. ನಾನು ಇಟ್ಕೊಂಡಿರೋ ಲೆಕ್ಕ, ತಪ್ಪಾದ್ರೆ ಒಂದು ಊಟ ಹೋಗುತ್ತೆ ಅಥವಾ ಹಾಸಿಗೆ ಒದ್ದೆ ಆಗುತ್ತೆ ಅನ್ನೋದಾದ್ರೆ ಬಿಡಿ, ಮಗು ಮೈಗೆ ಏಟಾಗುತ್ತೆ ಅನ್ನೋದಾದ್ರೆ ಒಂದು ಕ್ಷಣನೂ ಬಿಡಬೇಡಿ. ಕೆರೆ, ಬಾವಿ, ರೋಡು, ಎತ್ತರ, ಬೆಂಕಿ ಇರೋ ಕಡೆ ದೊಡ್ಡವರ ಕಣ್ಣು ಇರಲೇಬೇಕು. ಕೊಂಡಜ್ಜಿಲಿ ಕೆರೆ ಪಕ್ಕದಲ್ಲೇ ಇದೆ, ಅಲ್ಲಿಗೆ ನನ್ನ ಮಕ್ಕಳು ದೊಡ್ಡವರಿಲ್ಲದೆ ಹೋಗೋ ಹಾಗೇ ಇಲ್ಲ, ಅದರಲ್ಲಿ ಚರ್ಚೆನೇ ಇಲ್ಲ. ಕೈ ಸುಟ್ಕೊಂಡ್ರೆ 20 ನಿಮಿಷ ಹರಿಯೋ ತಣ್ಣೀರು, ಪೇಸ್ಟ್, ಇಂಕು, ಅರಿಶಿನ ಯಾವುದೂ ಬೇಡ. ಹಾವು ಕಚ್ಚಿದ್ರೆ ಕೊಯ್ಯೋದು, ಬಿಗಿಯಾಗಿ ಕಟ್ಟೋದು ಮಾಡದೆ, ಕಾಲು ಅಲ್ಲಾಡದಂಗೆ ಇಟ್ಟು ಸೀದಾ ಹಾವಿನ ವಿಷಕ್ಕೆ ಕೊಡೋ ಔಷಧಿ, ಆ್ಯಂಟಿವೆನಮ್, ಇರೋ ಆಸ್ಪತ್ರೆಗೆ. ಆ ಆಸ್ಪತ್ರೆ ಯಾವುದು, ರಾತ್ರಿ ಗಾಡಿ ಯಾರದ್ದು ಅನ್ನೋದನ್ನ ಕ್ಯಾಂಪಿಗೆ ಹೋಗೋ ಮುಂಚೆನೇ ಬರೆದಿಟ್ಕೊಂಡಿರಬೇಕು. ಇಷ್ಟು ತಯಾರಿ ಮಾಡಿರೋನಿಗೆ ಮಾತ್ರ ಒಲೆ ಹತ್ರ ಸುಮ್ಮನೆ ನಿಲ್ಲೋಕೆ ಧೈರ್ಯ ಬರೋದು.

ಇನ್ನೊಂದು ವಿಷಯ, ಇದನ್ನ ಹೇಳಿದಾಗ ಕೆಲವರ ಮುಖ ಸಣ್ಣಗಾಗುತ್ತೆ, ನಮ್ಮ ಮೇಲೆ ಅನುಮಾನನಾ ಅಂತ. ಒಬ್ಬ ದೊಡ್ಡವರು ಒಂದು ಮಗು ಜೊತೆ ಮರೇಲಿ ಒಬ್ಬರೇ ಇರೋ ಹಾಗಿಲ್ಲ. ಮಾತಾಡ್ಬೇಕಾ, ಬೇರೆಯವರಿಗೆ ಕಾಣೋ ಜಾಗದಲ್ಲಿ ಕೂತು ಮಾತಾಡಿ. ಮಕ್ಕಳ ಟೆಂಟಲ್ಲಿ ನೀವು ಮಲಗೋ ಹಾಗಿಲ್ಲ, ಪರ್ಸನಲ್ ಆಗಿ ರಾತ್ರಿ ಮೆಸೇಜ್ ಮಾಡೋ ಹಾಗಿಲ್ಲ, ಗೈಡ್ಸ್ ಹುಡುಗೀರ ಜೊತೆ ಗೈಡ್ ಕ್ಯಾಪ್ಟನ್ ಮೇಡಂ ಇರಲೇಬೇಕು. ಇದು ಮಗುಗೂ ಕಾವಲು, ನಿಮಗೂ ಕಾವಲು. ಯಾವ ಮಗುವಾದ್ರೂ ಯಾರಾದ್ರೂ ಹೀಗೆ ಮಾಡಿದ್ರು ಅಂತ ನಿಮ್ಮ ಹತ್ರ ಹೇಳ್ಕೊಂಡ್ರೆ ನೀವು ವಿಚಾರಣೆ ಮಾಡೋಕೆ ಹೋಗಬೇಡಿ, ಮಧ್ಯೆ ತಡೀದೆ ಕೇಳಿ, ನಿನ್ನ ತಪ್ಪಲ್ಲ ಅಂತ ಹೇಳಿ, ಯಾರಿಗೂ ಹೇಳಲ್ಲ ಅಂತ ಮಾತು ಮಾತ್ರ ಕೊಡಬೇಡಿ. ಯಾಕಂದ್ರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ 18 ತುಂಬದ ಮಗು ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ್ರೆ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098 ಮಕ್ಕಳಿಗೂ ಬಾಯಿಪಾಠ ಇರಲಿ.

ಟೈಮ್ ಎಷ್ಟು ಬೇಕು ಅಂತ ಆ ಬ್ಯಾಂಕಿನವರೂ ಕೇಳಿದ್ರು. ವಾರಕ್ಕೆ ಎರಡು ಗಂಟೆ ಮೀಟಿಂಗ್, ಅದಕ್ಕೆ ತಯಾರಿ ಇನ್ನೊಂದು ಗಂಟೆ, ವರ್ಷಕ್ಕೊಂದು ಕ್ಯಾಂಪ್. ಏಳು ದಿನದ ಬೇಸಿಕ್ ಕೋರ್ಸ್ ಇದೆ, ರಜೆ ಹಾಕಿಯಾದ್ರೂ ಮಾಡಿ, ಅಲ್ಲಿ ನೀವೇ ಪಟ್ರೋಲ್ ಆಗಿ ಟೆಂಟಲ್ಲಿ ಮಲಗಿ ಪಾತ್ರೆ ತಿಕ್ಕಬೇಕು, ಐವತ್ತು ವರ್ಷದವರಿಗೂ ಮಗು ಕಷ್ಟ ಏನು ಅಂತ ತಿಳಿಯೋದು ಅಲ್ಲೇ. ಆಮೇಲೆ ಅಡ್ವಾನ್ಸ್ಡ್, ಅದಾದ ಮೇಲೆ ಹಿಮಾಲಯ ವುಡ್ ಬ್ಯಾಡ್ಜ್, ಕೊರಳಿಗೆ ಎರಡು ಮರದ ಮಣಿ. ಮಣಿಗೆ ಆತುರ ಬೇಡ. ಮಕ್ಕಳ ಸರ್ಟಿಫಿಕೇಟಿಗೂ ಆತುರ ಬೇಡ. ಪ್ರವೇಶ ಅನ್ನೋ ಮೊದಲ ಹಂತದಿಂದ ಶುರುವಾಗಿ ಮೂರು ಸೋಪಾನ ಹತ್ತಿ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರದವರೆಗೆ ಹೋಗೋಕೆ ವರ್ಷಗಳು ಬೇಕು, ಮಗು ಬರೀಬೇಕಾದ ಲಾಗ್ ಬುಕ್ಕನ್ನ ದೊಡ್ಡವರು ಕೂತು ಬರೆಯೋದನ್ನ ನಾನು ಕಣ್ಣಾರೆ ನೋಡಿದೀನಿ, ತುಂಬಾ ನೋವಾಗುತ್ತೆ. ಗಂಟು ಹಾಕೋಕೆ ಬರದ ಮಗುಗೆ ಬ್ಯಾಡ್ಜ್ ಹಾಕಿ ಕಳಿಸಿದ್ರೆ, ಆ ಬ್ಯಾಡ್ಜ್ ಸುಳ್ಳು ಅಂತ ಮೊದಲು ಗೊತ್ತಾಗೋದು ಆ ಮಗುಗೇ.

ಕೊನೇದಾಗಿ ಕ್ಯಾಂಪಿನ ಮೊದಲ ರಾತ್ರಿ. ಹತ್ತು ಹನ್ನೊಂದು ವರ್ಷದ ಮಕ್ಕಳು ಮೊದಲ ಸಲ ಮನೆ ಬಿಟ್ಟು ಬಂದಿರ್ತಾರೆ, ಒಬ್ಬಿಬ್ರು ಅಳ್ತಾರೆ. ಕೂಡಲೇ ಮನೆಗೆ ಫೋನ್ ಹಚ್ಚಿಕೊಡಬೇಡಿ, ಅಮ್ಮನ ದನಿ ಕೇಳಿದ್ರೆ ಅಳು ಜಾಸ್ತಿನೇ ಆಗುತ್ತೆ, ಪಟ್ರೋಲ್ ಲೀಡರ್ ಪಕ್ಕ ಮಲಗಿಸಿ, ಬೆಳಿಗ್ಗೆ ಮಾಡೋಕೆ ಏನಾದ್ರೂ ಒಂದು ಕೆಲಸ ಹೇಳಿ, ಸುಮಾರು ಮಕ್ಕಳು ಅಷ್ಟಕ್ಕೇ ನಿದ್ದೆ ಹೋಗ್ತಾರೆ. ಒಬ್ಬನಾದ್ರೂ ಹಾಸಿಗೇಲಿ ಉಚ್ಚೆ ಹೊಯ್ಕೊತಾನೆ, ಪ್ರತಿ ಕ್ಯಾಂಪಲ್ಲೂ ಇದ್ದದ್ದೇ. ಅದು ಉಳಿದವರಿಗೆ ಗೊತ್ತಾದ್ರೆ ಆ ಮಗು ಇನ್ನೆಂದೂ ಕ್ಯಾಂಪಿಗೆ ಬರಲ್ಲ. ನಾನೂ ನನ್ನ ಜೊತೆಗಿರೋ ಇನ್ನೊಬ್ಬ ಸರ್ರೂ ವಿಷಲ್ ಊದೋಕೆ ಅರ್ಧ ಗಂಟೆ ಮುಂಚೆ ಟಾರ್ಚ್ ತಗೊಂಡು ಒಂದು ಸುತ್ತು ಹಾಕ್ತೀವಿ. ಅಂಥ ಮಗು ಕಂಡ್ರೆ ಏನೂ ಕೇಳದೆ ಒಣಗಿದ ಬೆಡ್‌ಶೀಟ್ ಕೊಟ್ಟು ಒದ್ದೇದನ್ನ ತಗೊಂಡು ಬರ್ತೀವಿ. ರಾತ್ರಿ ಮಂಜು ಬಿದ್ದು ಹೊರಗಿದ್ದ ಬಟ್ಟೆ ಎಲ್ಲ ಒದ್ದೆ ಆಗಿದೆ ಅಂತ ನೆಪ ಹೇಳಿ ನಮ್ಮ ಬೆಡ್‌ಶೀಟೂ ಒಂದೆರಡು ಒಗೆದು ಅದರ ಜೊತೆಗೇ ಹಗ್ಗದ ಮೇಲೆ ಹರವ್ತೀವಿ. ಹಾಗಾಗಿ ಕ್ಯಾಂಪಿಗೆ ಹೊರಡೋವಾಗ ವಿಷಲ್ಲು, ಫಸ್ಟ್ ಏಡ್ ಬಾಕ್ಸ್ ಜೊತೆ, ನಿಮ್ಮ ಲಿಸ್ಟಲ್ಲಿ ಇಲ್ಲದಿದ್ರೂ, ಹಳೇ ಬೆಡ್‌ಶೀಟ್ ಎರಡು ಜಾಸ್ತಿ ಇಟ್ಕೊಳ್ಳಿ.