ಟರ್ಮಿನಲ್‌ಗೆ 9600 ಕೊಟ್ಟರೆ ರೇಡಿಯೊ ಕಡೆಯೂ 9600 ಆಗುತ್ತಾ?

ಪ್ರಶ್ನೆ: ಸರ್, ಟಿಎನ್‌ಸಿಗೆ (ಕಂಪ್ಯೂಟರಿನ ಅಕ್ಷರಗಳನ್ನು ಪ್ಯಾಕೆಟ್ ಕಟ್ಟಿ ಹ್ಯಾಮ್ ರೇಡಿಯೊಗೆ ಕೊಡುವ ಪೆಟ್ಟಿಗೆ) 9600 ಬಾಡ್, ಅಂದರೆ ಸೆಕೆಂಡಿಗೆ 9600 ಬಿಟ್ ವೇಗ, ಕೊಟ್ಟಿದ್ದೀನಿ. ಆದರೂ ಮೈಸೂರಿಂದ ಮಂಡ್ಯಕ್ಕೆ ಪ್ಯಾಕೆಟ್ ಹೋಗೋದು ಮೊದಲಿನಷ್ಟೇ ನಿಧಾನ. ಟೈಪ್ ಮಾಡಿದ ಅಕ್ಷರವೂ ಎರಡೆರಡು ಸಲ ಕಾಣುತ್ತೆ. ಪೆಟ್ಟಿಗೆ ಕೆಟ್ಟಿದೆಯಾ?

ಪೆಟ್ಟಿಗೆ ಚೆನ್ನಾಗಿದೆ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೀನೋ ಲೆಕ್ಕವಿಲ್ಲ. ಈ ಸಲ ಪೂರ್ತಿ ಬರೆದುಬಿಡುತ್ತೀನಿ.

ಟಿಎನ್‌ಸಿಗೆ ಎರಡು ಬಾಗಿಲು. ಒಂದು ಕಂಪ್ಯೂಟರ್ ಕಡೆಗೆ, ಇನ್ನೊಂದು ರೇಡಿಯೊ ಕಡೆಗೆ. ನೀವು ಬದಲಿಸಿದ್ದು ಮೊದಲನೆಯದರ, ಅಂದರೆ ಟರ್ಮಿನಲ್ ಕಡೆಯ ವೇಗ. ಕೆಲವು ಮಾಡೆಲ್‌ಗಳಲ್ಲಿ ಅದು ಎಬಾಡ್ ಕಮಾಂಡ್, ಹಳೆಯವುಗಳಲ್ಲಿ ಹಿಂಬದಿಯ ಡಿಪ್ ಸ್ವಿಚ್ (ಪುಟ್ಟ ಸ್ವಿಚ್‌ಗಳ ಸಾಲು). ರೇಡಿಯೊ ಕಡೆಯ ವೇಗವೇ ಬೇರೆ, ಅದು ಎಚ್‌ಬಾಡ್ ಕಮಾಂಡ್; ಸಾಮಾನ್ಯವಾಗಿ 1200 ಇರುತ್ತೆ. ಮಂಡ್ಯದವರಿಗೆ ಹೀಗೆ ಹೇಳಿದರೆ ತಕ್ಷಣ ಹೊಳೆಯುತ್ತೆ: ಆಲೆಮನೆಗೆ ಕಬ್ಬು ಎತ್ತಿನ ಗಾಡಿಯಲ್ಲಿ ಬರಲಿ, ಟ್ರ್ಯಾಕ್ಟರಿನಲ್ಲಿ ಬರಲಿ, ಗಾಣ ಅರೆಯೋದು ತನ್ನ ವೇಗದಲ್ಲೇ.

ಲೆಕ್ಕ ಹಾಕಿ. 128 ಅಕ್ಷರದ ಪ್ಯಾಕೆಟ್‌ಗೆ ವಿಳಾಸ, ತಪಾಸಣೆ ಎಲ್ಲ ಸೇರಿ ಸುಮಾರು 20 ಬೈಟ್ ಜಾಸ್ತಿ. 148 ಬೈಟ್ ಅಂದರೆ 1184 ಬಿಟ್. ರೇಡಿಯೊ ಕಡೆಯ 1200ರಲ್ಲಿ ಹತ್ತಿರ ಹತ್ತಿರ ಒಂದು ಸೆಕೆಂಡು. ಟಿಎಕ್ಸ್‌ಡಿಲೇ (ರೇಡಿಯೊ ಪ್ರಸಾರಕ್ಕೆ ತಿರುಗಿದ ಮೇಲೆ ಡೇಟಾ ಶುರುವಾಗೋ ಮುಂಚೆ ಕಾಯುವ ಹೊತ್ತು) 30 ಇದ್ದರೆ ಇನ್ನೂ 300 ಮಿಲಿಸೆಕೆಂಡು. ಆಮೇಲೆ ಆ ಕಡೆಯಿಂದ 'ಬಂತು' ಅನ್ನೋ ಉತ್ತರಕ್ಕೂ ಕಾಯಬೇಕು. ಕೇಬಲ್ಲಿನಲ್ಲಿ ನೀವು ಉಳಿಸಿದ ಸಮಯ ಇದರಲ್ಲಿ ಏನನ್ನೂ ಕಡಿಮೆ ಮಾಡಲ್ಲ. ನಂಬಿಕೆ ಬರದಿದ್ದರೆ ಒಂದೇ ಸಾಲನ್ನು ಟರ್ಮಿನಲ್ 1200ರಲ್ಲೊಮ್ಮೆ, 9600ರಲ್ಲೊಮ್ಮೆ ಕಳಿಸಿ, ಪಿಟಿಟಿ ದೀಪ (ರೇಡಿಯೊ ಪ್ರಸಾರ ಮಾಡುವಾಗ ಉರಿಯುವುದು) ನೋಡಿ. ನನ್ನ ಮೇಜಿನ ಮೇಲೆ ಎಷ್ಟು ಸಲ ಮಾಡಿದರೂ ಅದು ಉರಿಯೋದು ಅಷ್ಟೇ ಹೊತ್ತು.

"ಹಾಗಾದರೆ ಎಚ್‌ಬಾಡ್ಡನ್ನೇ 9600 ಮಾಡ್ತೀನಿ" ಅನ್ನಬೇಡಿ. 1200ರಲ್ಲಿ ಹೋಗೋದು 1200 ಮತ್ತು 2200 ಹರ್ಟ್ಸ್‌ನ ಎರಡು ನಾದ. ಮೈಕು, ಸ್ಪೀಕರ್ ದಾರಿ ಅದಕ್ಕೆ ಸಾಕು. 9600ಕ್ಕೆ ಅದನ್ನು ಸಂಭಾಳಿಸುವ ಮೋಡೆಮ್ ಬೇಕು, ರೇಡಿಯೊದ ಡೇಟಾ ಜ್ಯಾಕ್ ಬೇಕು, ಆ ಕಡೆಯವರದ್ದೂ 9600 ಇರಬೇಕು.

ಅಕ್ಷರ ಎರಡೆರಡು ಬಂದರೆ ಟಿಎನ್‌ಸಿಯ ಎಕೋ (ಟೈಪ್ ಮಾಡಿದ್ದನ್ನು ಪರದೆಗೆ ವಾಪಸ್ ಕಳಿಸೋದು) ಆಫ್ ಮಾಡಿ. ಸಾಲುಗಳ ನಡುವೆ ಖಾಲಿ ಸಾಲು ಬಂದರೆ ಆಟೊಎಲ್‌ಎಫ್ (ತಾನಾಗಿಯೇ ಹೊಸ ಸಾಲು ಸೇರಿಸೋದು) ಆಫ್. ಕಸದಂಥ ಗುರುತು ಬಂದರೆ ಕಂಪ್ಯೂಟರ್, ಟಿಎನ್‌ಸಿ ಎರಡೂ ಕಡೆ ಬಾಡ್, ಪ್ಯಾರಿಟಿ (ತಪ್ಪು ಹಿಡಿಯೋ ಹೆಚ್ಚುವರಿ ಬಿಟ್) ಒಂದೇ ಆಗಿರೋ ಹಾಗೆ ಹೊಂದಿಸಿ.

ಅಂದಹಾಗೆ, ಯಾರೂ ಕೇಳದಿದ್ದರೂ ಹೇಳಲೇಬೇಕು: ಪ್ಯಾಕೆಟ್‌ನಲ್ಲಿ ಕನ್ನಡ ಹೋಗುತ್ತೆ! ಯುಟಿಎಫ್-8ರಲ್ಲಿ (ಎಲ್ಲ ಲಿಪಿಗಳನ್ನೂ ಬೈಟ್ ಮಾಡೋ ಪದ್ಧತಿ) ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್; ವ್ಯಂಜನ, ಸ್ವರದ ಗುರುತು, ಸೊನ್ನೆ, ಒತ್ತಕ್ಷರ ಕೂಡಿಸುವ ಗುರುತು ಎಲ್ಲ ಬೇರೆ ಬೇರೆ ಚಿಹ್ನೆ. 'ಮೈಸೂರು' ಅಂದರೆ ಆರು ಚಿಹ್ನೆ, 18 ಬೈಟ್. 'ಮಂಡ್ಯ'ಕ್ಕೆ 15. ಆ ಬೈಟ್‌ಗಳಲ್ಲಿ ಎಂಟನೆಯ ಬಿಟ್ ಉಳಿಯಲೇಬೇಕು. ಅದಕ್ಕೆ ಟಿಎನ್‌ಸಿ-2 ಬಗೆಯವುಗಳಲ್ಲಿ ಎಡಬ್ಲ್ಯುಲೆನ್ (ಒಂದು ಅಕ್ಷರಕ್ಕೆ ಎಷ್ಟು ಬಿಟ್) 8, ಪ್ಯಾರಿಟಿ ಇಲ್ಲ, 8ಬಿಟ್‌ಕಾನ್ವ್ (ಎಂಟನೆಯ ಬಿಟ್ ಉಳಿಸೋ ಕಮಾಂಡ್) ಆನ್. ಆ ಕಡೆಯವರ ಟರ್ಮಿನಲ್ಲೂ ಯುಟಿಎಫ್-8ಕ್ಕೇ ಇರಲಿ.