ಸಂಧಿವಾತದ ಗುಳಿಗೆ: ರಿಪೋರ್ಟ್ ಚೆನ್ನಾಗಿದೆ, ರೋಗಿಗೆ ಸಮಾಧಾನ ಇಲ್ಲ

ದೇಹದ ರಕ್ಷಣಾ ಶಕ್ತಿಯೇ ಕೀಲುಗಳ ಮೇಲೆ ಬೀಳುವ ರುಮಟಾಯ್ಡ್ ಸಂಧಿವಾತಕ್ಕೆ ಔಷಧಿ ಇಲ್ಲ ಅಂತಲ್ಲ, ಬೇಕಾದಷ್ಟಿವೆ. ಆದರೂ ಬಾಗಲಕೋಟೆ ಕಡೆಯ ಯಾವ ದವಾಖಾನೆಗೆ ಹೋದರೂ ಅರ್ಧಕ್ಕೆ ಗುಳಿಗೆ ಬಿಟ್ಟವರು ಸಿಗುತ್ತಾರೆ. ಹೆಂಗಸರೇ ಜಾಸ್ತಿ, ಯಾಕೆಂದರೆ ಈ ಕಾಯಿಲೆ ಅವರಿಗೆ ಎರಡು ಮೂರು ಪಟ್ಟು ಹೆಚ್ಚು. ಈ ಗಂಟು ಬಿದ್ದದ್ದು ಹೇಗೆ?

1929ರಲ್ಲಿ ಫ್ರಾನ್ಸಿನ ಡಾಕ್ಟರ್ ಜಾಕ್ ಫಾರೆಸ್ಟಿಯೇ ಈ ಕಾಯಿಲೆಗೆ ಬಂಗಾರದ ಲವಣದ ಸೂಜಿ ಮಾಡಿ ನೋಡಿದರು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಡಾಕ್ಟರ್ ಫಿಲಿಪ್ ಹೆಂಚ್ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರು. ಹಾಸಿಗೆ ಹಿಡಿದವರು ಎದ್ದು ಓಡಾಡಿದರು. 1950ಕ್ಕೆ ನೊಬೆಲ್ಲೂ ಬಂತು. ಮುಖ ಊದುವುದು, ಎಲುಬು ಸವೆಯುವುದು, ಸಕ್ಕರೆ ಏರುವುದು ಎಲ್ಲ ಆಮೇಲೆ ಕಂಡಿದ್ದು. ಸಂತೆಯಲ್ಲಿ ಸಿಗುವ ಹೆಸರಿಲ್ಲದ ಪುಡಿಗೆ ಎರಡೇ ದಿನದಲ್ಲಿ ನೋವು ಮಾಯವಾದರೆ, ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು ಅಂತ ಡಾಕ್ಟರು ಅನುಮಾನ ಪಡುವುದು ಸುಮ್ನೆ ಅಲ್ಲ. ರೋಗಿಗೆ ಮಾತ್ರ ಆ ಎರಡು ದಿನವೇ ನೆನಪಿರುತ್ತದೆ.

ನಿಜವಾದ ತೊಡಕು ಮೆಥೊಟ್ರೆಕ್ಸೇಟ್‌ನದು. 1988ರಲ್ಲಿ ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಸಂಸ್ಥೆ ಎಫ್‌ಡಿಎ ಇದನ್ನು ಸಂಧಿವಾತಕ್ಕೆ ಒಪ್ಪಿತು. ಇವತ್ತಿಗೂ ಸಾಮಾನ್ಯವಾಗಿ ಮೊದಲು ಬರೆಯುವ ಗುಳಿಗೆ ಇದೇ. ಬೆಲೆಯೂ ಕಡಿಮೆ. ಆದರೆ ವಾರಕ್ಕೆ ಒಂದೇ ದಿನ ನುಂಗಬೇಕು, ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ. ಊರಿನ ಸಂತೆ ದಿನಕ್ಕೆ ಹೊಂದಿಸಿಕೊಂಡರೆ ಮರೆಯಲ್ಲ. ಗುಣ ಕಾಣಲು 6ರಿಂದ 12 ವಾರ ಬೇಕು. ಅಷ್ಟರೊಳಗೆ ಮಾರನೇ ದಿನದ ಓಕರಿಕೆ, ಬಾಯಿಹುಣ್ಣು, ಉದುರುವ ಕೂದಲು. ಅದನ್ನು ತಗ್ಗಿಸಲು ಫೋಲಿಕ್ ಆಸಿಡ್, ಜೊತೆಗೆ ಆಗಾಗ ರಕ್ತ ಪರೀಕ್ಷೆ. ಮಗು ಬೇಕೆನ್ನುವವರು ಇದನ್ನು ಮೊದಲೇ ನಿಲ್ಲಿಸಬೇಕು.

ಇದರ ನಡುವೆ ಮಗ ಮೊಬೈಲ್ ನೋಡಿ "ಅವ್ವಾ, ಇದು ಕ್ಯಾನ್ಸರ್ ಗುಳಿಗಿ" ಅಂದುಬಿಟ್ಟರೆ ಮುಗೀತು. ಕ್ಯಾನ್ಸರ್‌ಗೆ ಕೊಡುವ ಪ್ರಮಾಣ ಎಷ್ಟೋ ಪಟ್ಟು ದೊಡ್ಡದು, ಇಲ್ಲಿ ವಾರಕ್ಕೆ ಸಾಮಾನ್ಯವಾಗಿ 7.5ರಿಂದ 25 ಮಿಲಿಗ್ರಾಂ ಅಷ್ಟೇ. ಇದನ್ನು ಹೇಳಲು ಐದು ನಿಮಿಷ ಸಾಕು. ಕಿಕ್ಕಿರಿದ ಓಪಿಡಿಯಲ್ಲಿ ಆ ಐದು ನಿಮಿಷವೇ ಹುಟ್ಟಲ್ಲ. ಗುಳಿಗೆ ಬಿಟ್ಟವರನ್ನು ಬೈಯುವುದು ಸುಲಭ ಬಿಡಿ.

ಅಳತೆಯದೂ ಒಂದು ಕಥೆ. 28 ಕೀಲು ಒತ್ತಿ ನೋಡಿ, ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತದ ಇಎಸ್‌ಆರ್ ಪರೀಕ್ಷೆ ಮತ್ತು ರೋಗಿಯೇ ಹೇಳುವ ಒಂದು ಅಂಕ ಸೇರಿಸಿ, ಕಾಯಿಲೆ ಎಷ್ಟು ಜೋರಿದೆ ಅಂತ ಹೇಳುವ ಡಿಎಎಸ್-28 ಅಂಕ ತೆಗೆಯುತ್ತಾರೆ. 2.6ಕ್ಕಿಂತ ಕೆಳಗೆ ಬಂದರೆ ಕಾಯಿಲೆ ತಣ್ಣಗಾಯಿತು ಅಂತ ಲೆಕ್ಕ. ಆದರೆ ಆ 28ರಲ್ಲಿ ಪಾದದ ಕೀಲು ಒಂದೂ ಇಲ್ಲ! ಇಳಕಲ್‌ನಲ್ಲಿ ದಿನವಿಡೀ ಕಾಲಿಂದ ಮಗ್ಗ ತುಳಿಯುವವರಿಗೆ ನೋವು ಅಲ್ಲೇ ಉಳಿದಿದ್ದರೆ? 2004ರಲ್ಲಿ ರೋಗಿಯ ತೃಪ್ತಿಯನ್ನೇ ಕೇಳುವ 14 ಪ್ರಶ್ನೆಗಳ ಟಿಎಸ್‌ಕ್ಯೂಎಂ ಎಂಬ ಪ್ರಶ್ನಾವಳಿ ಬಂತು. ಗುಣ, ಅಡ್ಡಪರಿಣಾಮ, ಅನುಕೂಲ, ಒಟ್ಟು ತೃಪ್ತಿ ಎಲ್ಲ ಕೇಳುತ್ತದೆ, ಒಳ್ಳೆಯದೇ. ಅನುಕೂಲ ಅಂದರೆ ಅಲ್ಲಿ ಔಷಧಿ ತಗೊಳ್ಳುವುದು ಎಷ್ಟು ಸುಲಭ ಅಂತ. ಬೆಳಗಾವಿಗೋ ಮಿರಜ್‌ಗೋ ಬಸ್ ಹತ್ತಿ ಹೋಗಿ ಬರುವಾಗ ತಪ್ಪುವ ಕೂಲಿ ಅದರಲ್ಲಿ ಬರಲ್ಲ.

1998–99ರಲ್ಲಿ ಎಟನರ್ಸೆಪ್ಟ್, ಇನ್‌ಫ್ಲಿಕ್ಸಿಮ್ಯಾಬ್ ಎಂಬ ದುಬಾರಿ ಸೂಜಿ ಔಷಧಿಗಳು ಬಂದವು. ಕೈಲಾದವರಿಗೆ ವರ. ಮೊದಲು ಟಿಬಿ ಪರೀಕ್ಷೆ ಆಗಬೇಕು, ಔಷಧಿ ಫ್ರಿಜ್‌ನಲ್ಲಿರಬೇಕು, ನಮ್ಮ ಬೇಸಿಗೆಯಲ್ಲಿ ಕರೆಂಟೂ ಇರಬೇಕು. 2012ರಲ್ಲಿ ಬಂದ ಟೊಫಾಸಿಟಿನಿಬ್ ಗುಳಿಗೆಗೆ ಸೂಜಿ ಬೇಡ, ಫ್ರಿಜ್ ಬೇಡ. ಭಾರತದ ಕಂಪನಿಗಳೂ ಮಾಡುವುದರಿಂದ ಬೆಲೆ ಇಳಿದಿದೆ. ಆದರೆ ಹೃದಯಾಘಾತ, ರಕ್ತ ಹೆಪ್ಪುಗಟ್ಟುವ ಅಪಾಯದ ಬಗ್ಗೆ ಎಫ್‌ಡಿಎ 2021ರಲ್ಲಿ ಎಚ್ಚರಿಕೆ ಬಿಗಿ ಮಾಡಿದೆ. ಅದನ್ನೂ ಯಾರಾದರೂ ಕೂತು ಹೇಳಬೇಕಲ್ವಾ?