ನಾಲ್ಕು ನಿಮಿಷದಲ್ಲಿ ಅಳಿಸಿಹೋಗುವ ಗೋಡೆ

ಯಾವ ಮೀಮ್ ಕಂಡರೂ ‘ವೈರಲ್ ಆಯ್ತು’ ಅಂತೀವಿ. ಈ ಮಾತು ನನಗೆ ಒಪ್ಪಿಗೆಯಿಲ್ಲ. ವೈರಸ್ ನಮಗೆ ಬೇಡವಾದರೂ ಮೈಗೆ ಅಂಟುತ್ತದೆ. ಮೀಮ್ ಹಾಗಲ್ಲ. ಯಾರೋ ಒಬ್ಬರು ಅದನ್ನು ಮೆಚ್ಚಬೇಕು, ಎತ್ತಿಟ್ಟುಕೊಳ್ಳಬೇಕು, ಮಾತು ಬದಲಿಸಿ ಮತ್ತೆ ಹೊರಗೆ ಬಿಡಬೇಕು. ಒಂದೇ ವಿಡಿಯೋವನ್ನು ಕೋಟಿ ಜನ ಹಾಗ್ಹಾಗೇ ಕಳಿಸಿದರೆ ಅದು ವೈರಲ್. ಒಂದೇ ಅಚ್ಚಿನಲ್ಲಿ ನೂರಾರು ಜನ ನೂರಾರು ಥರ ಹೊಸದು ಮಾಡಿದರೆ ಅದು ಮೀಮ್. ಸಂವಹನ ವಿದ್ವಾಂಸೆ ಲಿಮೋರ್ ಶಿಫ್ಮನ್ ಈ ವ್ಯತ್ಯಾಸವನ್ನು ಚೆನ್ನಾಗಿ ಬಿಡಿಸಿ ತೋರಿಸಿದ್ದಾರೆ.

1976ರಲ್ಲಿ ‘ಮೀಮ್’ ಎಂಬ ಪದ ಕಟ್ಟಿದ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ಕೊಟ್ಟ ಉದಾಹರಣೆಗಳಲ್ಲಿ ತಮಾಷೆ ಚಿತ್ರ ಒಂದೂ ಇಲ್ಲ. ಹಾಡಿನ ಧಾಟಿ, ಬಟ್ಟೆಯ ಫ್ಯಾಷನ್, ಮಡಕೆ ಮಾಡುವ ಬಗೆ, ಇಂಥವು. ಒಬ್ಬರಿಂದ ಒಬ್ಬರು ನೋಡಿ ಕಲಿಯುವುದೆಲ್ಲ ಅವರ ಲೆಕ್ಕದಲ್ಲಿ ಮೀಮ್.

ಇಂಟರ್ನೆಟ್ಟಿನ ಮೀಮ್‌ಗಳಿಗೆ ದೊಡ್ಡ ಕಮ್ಮಟವಾಗಿದ್ದು 4ಚಾನ್ ಎಂಬ ಜಾಲತಾಣ; ಯಾರು ಬೇಕಾದರೂ ಚಿತ್ರ ಹಾಕಿ ಹರಟುವ ಗೋಡೆ. 2003ರ ಅಕ್ಟೋಬರಿನಲ್ಲಿ ಕ್ರಿಸ್ಟೊಫರ್ ಪೂಲ್ ಎಂಬ 15 ವರ್ಷದ ಅಮೆರಿಕದ ಹುಡುಗ ಜಪಾನಿನ ಫುಟಾಬಾ ಚಾನೆಲ್ ಎಂಬ ಅಂಥದೇ ತಾಣ ನೋಡಿ ಅದನ್ನು ಶುರುಮಾಡಿದ. ಅಲ್ಲಿ ಹೆಸರು ಬೇಕಿಲ್ಲ, ಖಾತೆ ಬೇಕಿಲ್ಲ. ಹಳೆಯದನ್ನು ಕೂಡಿಡುವ ಏರ್ಪಾಡೂ ಇರಲಿಲ್ಲ. ಹೊಸ ಮಾತು ಬಂದ ಹಾಗೆ ಹಳೆಯದು ಕೆಳಗೆ ಜಾರಿ ಅಳಿಸಿಹೋಗುತ್ತಿತ್ತು. ಏನು ಬೇಕಾದರೂ ಹಾಕಬಹುದಾದ ಅಲ್ಲಿನ ‘ಬಿ’ ವಿಭಾಗವನ್ನು ಸಂಶೋಧಕರು ಅಳೆದು, 2011ರಲ್ಲಿ ಲೆಕ್ಕ ಪ್ರಕಟಿಸಿದರು. ಅರ್ಧಕ್ಕರ್ಧ ಚರ್ಚೆಗಳು ನಾಲ್ಕು ನಿಮಿಷವೂ ಬದುಕುತ್ತಿರಲಿಲ್ಲ. ಮೊದಲ ಪುಟದಲ್ಲಿ ಅವು ಕಾಣುತ್ತಿದ್ದುದು ಸುಮಾರು 5 ಸೆಕೆಂಡ್. ನೂರಕ್ಕೆ 90ಕ್ಕಿಂತ ಜಾಸ್ತಿ ಬರಹಗಳಿಗೆ ಹೆಸರೇ ಇರಲಿಲ್ಲ.

ಏನೂ ಉಳಿಯದ ಈ ಜಾಗದಲ್ಲೇ ಇಷ್ಟೊಂದು ಮೀಮ್ ಬೆಳೆದದ್ದು ಹೇಗೆ? ಏನೂ ಉಳಿಯದೆ ಇದ್ದದ್ದಕ್ಕೇ! ಚಿತ್ರ ಬದುಕಬೇಕಾದರೆ ಯಾರಾದರೂ ತಮ್ಮ ಕಂಪ್ಯೂಟರಿಗೆ ಇಳಿಸಿಟ್ಟುಕೊಂಡು ನಾಳೆ ಮತ್ತೆ ಹಾಕಲೇಬೇಕಿತ್ತು. ರಾಗಿ ಕೊಯ್ಲಿನಲ್ಲಿ ಒಳ್ಳೆ ತೆನೆ ಆರಿಸಿ ಬಿತ್ತನೆಗೆ ಎತ್ತಿಡುವುದಿಲ್ಲವೇ? ಎತ್ತಿಟ್ಟದ್ದಷ್ಟೇ ಮುಂದಿನ ವರ್ಷ ಹೊಲದಲ್ಲಿ ನಿಲ್ಲುತ್ತದೆ. ಅಥವಾ ರಂಗೋಲಿ ನೋಡಿ. ನಮ್ಮಮ್ಮ ಬೆಳಿಗ್ಗೆ ನೀರು ಹಾಕಿ ಗುಡಿಸಿ, ನೆಲ ಇನ್ನೂ ಹಸಿ ಇರುವಾಗಲೇ ಏಳು ಚುಕ್ಕಿ ಇಡುತ್ತಾರೆ. ನಿನ್ನೆಯ ಎಳೆ ಒಂದೂ ಅಲ್ಲಿಲ್ಲ. ದಿನಾ ಅಳಿಸುವುದರಿಂದಲೇ ಅದು ಅವರ ಬೆರಳಲ್ಲಿ ಉಳಿದಿದೆ. ಒಂದು ದಿನ ಚುಕ್ಕಿ ತಪ್ಪಿ ಎಳೆ ಬೇರೆ ಕಡೆ ತಿರುಗಿತು. ಎದುರು ಮನೆಯವರು ಅದನ್ನೇ ಚೆಂದ ಅಂತ ಕಲಿತುಕೊಂಡರು. ಬೀಸೋಕಲ್ಲಿನ ಪದಗಳೂ ಹೀಗೇ ಬಂದವು. ಬರೆದಿಟ್ಟವರಿಲ್ಲ, ಹಾಡಿದವರಿದ್ದರು. ಚೆನ್ನಾಗಿಲ್ಲದ ಸಾಲು ಹಿಟ್ಟಿನ ಜೊತೆ ಮುಗಿಯಿತು. ಮರೆಯುವುದು, ಆರಿಸುವುದು, ತಿದ್ದುವುದು: ಈ ಮೂರೂ ಒಟ್ಟಿಗಿದ್ದ ಕಡೆ ವಿಕಾಸ ನಡೆದೇ ನಡೆಯುತ್ತದೆ. 4ಚಾನ್ ಅದನ್ನು ನಿಮಿಷಗಳ ಲೆಕ್ಕಕ್ಕೆ ಇಳಿಸಿತು, ಅಷ್ಟೆ.

ಅಲ್ಲಿ ಆಗ ಶನಿವಾರ ಅಂದರೆ ಬೆಕ್ಕುಗಳ ದಿನ. ಬೆಕ್ಕಿನ ಫೋಟೋ, ಮೇಲೆ ಬೇಕಂತಲೇ ತಪ್ಪಾಗಿ ಬರೆದ ಇಂಗ್ಲಿಷು. ಅಕ್ಷರವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಒಳಗೆ ಬಿಳಿ, ಸುತ್ತ ಕಪ್ಪು ಅಂಚು. ಹಿನ್ನೆಲೆ ಬೆಳಕಿದ್ದರೆ ಅಂಚು ಓದಿಸುತ್ತದೆ, ಕತ್ತಲಿದ್ದರೆ ಬಿಳಿ ಓದಿಸುತ್ತದೆ. ಆ ದಪ್ಪ ಅಕ್ಷರದ ಹೆಸರು ಇಂಪ್ಯಾಕ್ಟ್. ಜೆಫ್ರಿ ಲೀ 1965ರಲ್ಲಿ ಲೋಹದ ಅಚ್ಚುಮೊಳೆಗಾಗಿ ಮಾಡಿದ್ದು. ಮುಂದೆ ವಿಂಡೋಸ್ ಜೊತೆಗೇ ಬರತೊಡಗಿತು. ಹಾಗಾಗಿ ಮೀಮ್ ಮಾಡಲು ಹೊಸದಾಗಿ ಏನೂ ಕೊಳ್ಳಬೇಕಿರಲಿಲ್ಲ. 2007ರಲ್ಲಿ ಈ ಬೆಕ್ಕುಗಳಿಗೇ ಒಂದು ತಾಣ ಶುರುವಾಗಿ, 4ಚಾನ್ ಹೆಸರೇ ಕೇಳದವರ ಮನೆಗೂ ತಲುಪಿದವು. ಬೆಕ್ಕಿನ ಫೋಟೋಗೆ ಮಾತು ಹಚ್ಚುವುದು ಹೊಸ ಹುಚ್ಚು ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಹ್ಯಾರಿ ಪಾಯಿಂಟರ್ ಎಂಬ ಫೋಟೋಗ್ರಾಫರ್ 1870ರ ದಶಕದಲ್ಲೇ ಅಂಥ ಕಾರ್ಡುಗಳನ್ನು ಮಾಡಿ ಮಾರುತ್ತಿದ್ದರು.

ನನಗೆ ಚಿಂತೆಯೂ ಇದೆ. ಈ ಜರಡಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ. ಜನ ಎತ್ತಿಟ್ಟದ್ದನ್ನೆಲ್ಲ ಉಳಿಸುತ್ತದೆ. ಹೆಸರಿಲ್ಲದ ಆ ಗುಂಪೇ ಎಷ್ಟೋ ಹೆಣ್ಣುಮಕ್ಕಳನ್ನು ಬೆನ್ನಟ್ಟಿ ಕಾಡಿತು. ಜನಾಂಗದ್ವೇಷದ ಚಿತ್ರಗಳೂ ಇದೇ ದಾರಿಯಲ್ಲಿ ಬಲಿತವು.

ನಮ್ಮಲ್ಲಿ ಈ ಎತ್ತಿಡುವ, ತಿದ್ದುವ ಕೆಲಸವನ್ನು ಕಣ್ಣಾರೆ ಕಂಡದ್ದು 2019ರ ಲೋಕಸಭಾ ಚುನಾವಣೆ ಹೊತ್ತಿಗೆ. ಎಚ್.ಡಿ. ಕುಮಾರಸ್ವಾಮಿ ಅದಕ್ಕೂ ಮೂರು ವರ್ಷ ಮೊದಲು ಮಗನ ಸಿನಿಮಾ ಸಮಾರಂಭದಲ್ಲಿ ‘ನಿಖಿಲ್ ಎಲ್ಲಿದ್ದೀಯಪ್ಪಾ’ ಅಂತ ಕೂಗಿದ್ದರು, ಜನಗಳ ಮಧ್ಯೆ ಇದೀನಿ ಅಂತ ಮಗ ಉತ್ತರ ಕೊಟ್ಟಿದ್ದರು. ನಿಖಿಲ್ ಚುನಾವಣೆಗೆ ನಿಂತ ಮಂಡ್ಯದ ಕಣ ಕಾವೇರಿದಾಗ ಯಾರೋ ಆ ತುಣುಕನ್ನು ಹೆಕ್ಕಿ ತೆಗೆದರು. ಆಮೇಲೆ ಅದು ರಾಜಕೀಯದ ಕೈತಪ್ಪಿ ಊರಿನದಾಯಿತು. ‘ಎಲ್ಲಿದ್ದೀಯಪ್ಪಾ’ ಅನ್ನುವ ಅಚ್ಚು ಉಳಿಯಿತು, ಹೆಸರು ಬದಲಾಗುತ್ತಾ ಹೋಯಿತು. ಆ ವರ್ಷ ನಮ್ಮ ಕಡೆ ಒಂದು ಮದುವೆ ಊಟದಲ್ಲಿ ಪಂಕ್ತಿಯ ತುದಿಯಿಂದ ಒಬ್ಬರು ‘ಸಾಂಬಾರ್ ಎಲ್ಲಿದ್ದೀಯಪ್ಪಾ’ ಅಂದರು. ‘ಜನಗಳ ಮಧ್ಯೆ ಇದೀನಪ್ಪಾ’ ಅಂತ ಬಕೆಟ್ ಹಿಡಿದ ಹುಡುಗ ಅಲ್ಲಿಂದಲೇ ಕೂಗಿದ. ಇಡೀ ಸಾಲು ನಕ್ಕಿತು. ಮೊನ್ನೆ ನಮ್ಮ ಬೀದಿಯಲ್ಲಿ ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಿದ್ದರು. ಆರು ವರ್ಷದ ಹುಡುಗಿಯೊಬ್ಬಳು ಕಣ್ಣು ಬಿಟ್ಟು, ಅದೇ ಧಾಟಿಯಲ್ಲಿ ‘ಎಲ್ಲಿದ್ದೀಯಪ್ಪಾ’ ಅಂತ ಎಳೆದು ಕೂಗಿದಳು. ನಿಖಿಲ್ ಯಾರು ಗೊತ್ತಾ ಅಂತ ಕೇಳಿದೆ. ನಮ್ಮ ಕ್ಲಾಸಲ್ಲಿ ಇಲ್ಲ ಅಂದಳು.